ಬಲದಿಂದ

ಔಷಧಿ ಅಂಗಡಿಯ ಅಕ್ಕನಿಗೆ ಓದಲಾಗದ ಕೈಬರಹ ಅನ್ನುವುದೇ ಇರಲಿಲ್ಲ. ಶಾಯಿಯಲ್ಲಿ ಬಿದ್ದ ಇರುವೆ ಎದ್ದು ಓಡಿದಂತಿರುವ ಡಾಕ್ಟರ ಚೀಟಿಯನ್ನೂ ಒಂದೇ ನೋಟಕ್ಕೆ ಓದಿ, ಕಪಾಟಿನ ಸರಿಯಾದ ಖಾನೆಗೆ ಕೈ ಹಾಕುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಒಂದು ಮಾತ್ರೆ ಹೆಚ್ಚುಕಡಿಮೆ ಆಗಿರಲಿಲ್ಲ. ಅದಕ್ಕೆ ಕಾರಣ ಜಾಣತನಕ್ಕಿಂತ ಹೆಚ್ಚಾಗಿ ಅವಳ ಅನುಮಾನ. ಡಾಕ್ಟರು ಬರೆದದ್ದರ ಮೇಲೆ ಅನುಮಾನ, ಡಬ್ಬಿಯ ಮೇಲೆ ಅಚ್ಚಾಗಿದ್ದರ ಮೇಲೆ ಅನುಮಾನ, ಊಟಕ್ಕೆ ಮುಂಚೆ ಅಂದರೆ ಈ ಮನುಷ್ಯ ನಿಜವಾಗಿಯೂ ಮುಂಚೆಯೇ ನುಂಗುತ್ತಾನೋ ಇಲ್ಲವೋ ಎಂಬ ಅನುಮಾನ. ಏನನ್ನೇ ಆಗಲಿ ಎರಡು ಸಲ ಕೇಳುತ್ತಿದ್ದಳು. ಅಂಗಡಿಯಲ್ಲಿ ಈ ಗುಣ ಅಪ್ಪಟ ಬಂಗಾರ. ಮನೆಯಲ್ಲಿ ಅದರ ಬಿಸಿ ತಟ್ಟುತ್ತಿದ್ದದ್ದು ತಮ್ಮನಿಗೆ.

ತಮ್ಮನೂ ಅನುಮಾನಕ್ಕೆ ಎಡೆ ಕೊಡದವನೇನಲ್ಲ. ಫೋಟೋ ಸ್ಟುಡಿಯೋ ಇಟ್ಟು ಮುಚ್ಚಿದ್ದ. ಜೇನು ಸಾಕಿದ್ದ, ಒಂದು ಬೆಳಿಗ್ಗೆ ಜೇನುಗಳು ಅವನನ್ನು ಒಂದು ಮಾತೂ ಕೇಳದೆ ಎದ್ದು ಹೋದವು. ಸೋತದ್ದಕ್ಕೆ ಅಕ್ಕನಿಗೆ ಬೇಸರವಿರಲಿಲ್ಲ. ಸ್ಟುಡಿಯೋದ ಬಾಗಿಲು ಮುಚ್ಚುವ ಹಿಂದಿನ ದಿನವೂ "ಎಲ್ಲಾ ಚೆನ್ನಾಗಿದೆ ಅಕ್ಕ" ಅಂದಿದ್ದನಲ್ಲ, ಅದು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತ್ತು.

ಈಗ ಜೀಪಿನ ಸರದಿ. ಗುಡ್ಡದ ಮೇಲಿನ ಕಲ್ಲುಗಣಿಗೆ ಬಸ್ಸು ನಿಂತು ವರ್ಷವಾಗಿತ್ತು. ಆ ಕೊರಕಲು ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆಯುವ ಶಕ್ತಿಯಿರುವ ಗಾಡಿ ಮಾತ್ರ ಹತ್ತೀತು. ಸೋಮವಾರದಿಂದ ಕೆಲಸಗಾರರನ್ನು ಕರೆದೊಯ್ಯುವ ಕೆಲಸ ನಿನಗೇ ಎಂದು ಗಣಿಯ ಆಫೀಸಿನವರು ತಮ್ಮನಿಗೆ ಹೇಳಿದ್ದರು. ಗಾಡಿ ಬರದಿದ್ದರೆ ಬೇರೆಯವನು ಕಾದು ಕುಳಿತಿದ್ದ. ಇದೂ ಕೈಕೊಟ್ಟರೆ ಇನ್ನು ಮುಂದೆ ಏನನ್ನೂ ಕೇಳುವುದಿಲ್ಲ ಎಂದು ತಮ್ಮ ತಾನಾಗಿಯೇ ಮಾತು ಕೊಟ್ಟಿದ್ದ. ಅಕ್ಕ ತನ್ನ ಹೆಸರಿನಲ್ಲಿ ಜೀಪು ಕೊಂಡಳು.

ಮಾರಿದವರು ಭೂಮಿ ಅಳೆಯುವ ಕೆಲಸದಿಂದ ನಿವೃತ್ತರಾದ ಹಿರಿಯರು. ಎಲ್ಲರ ಬಾಯಲ್ಲೂ ಅವರು ಅಳತೆಯವರು. ಅಕ್ಕನಿಗಿಂತ ಹತ್ತು ವರ್ಷ ದೊಡ್ಡದಾದ ಆ ಜೀಪನ್ನು ಮೂವತ್ತು ವರ್ಷ ಓಡಿಸಿದ್ದರು. ಎಲ್ಲೆಲ್ಲಿ ಏನೇನು ಎಂದು ಪುಟ್ಟ ಪುಟ್ಟ ಚೀಟಿಗಳಲ್ಲಿ ಬರೆದು ಗಾಡಿಯ ತುಂಬ ಅಂಟಿಸಿದ್ದರು. ಅಕ್ಷರ ಮುತ್ತು ಪೋಣಿಸಿದ ಹಾಗೆ. ಶನಿವಾರ ಮಧ್ಯಾಹ್ನದೊಳಗೆ ಬೇಡವೆನಿಸಿದರೆ ತಂದುಬಿಡಿ, ಮಾತಿಲ್ಲದೆ ವಾಪಸು ತೆಗೆದುಕೊಳ್ಳುತ್ತೇನೆ ಎಂದೂ ಹೇಳಿದ್ದರು. ಇಷ್ಟು ಒಳ್ಳೆಯ ಮಾತು ಕೇಳಿಯೇ ಅಕ್ಕನಿಗೆ ಮೊದಲ ಅನುಮಾನ ಹುಟ್ಟಿದ್ದು.

ಬುಧವಾರ ಜೀಪು ಬೆಕ್ಕಿನ ಮರಿಯ ಹಾಗೆ ಗುರುಗುಡುತ್ತಾ ಅಂಗಡಿಯ ಮುಂದೆ ಬಂದು ನಿಂತಿತು. ತಮ್ಮ ಹಿಂದಿನ ಸೀಟುಗಳ ಹೊದಿಕೆಗೆ ಅಳತೆ ಕೊಡಲು ಟೈಲರ ಬಳಿಗೆ ಹೋದ. ಅಕ್ಕ ಬಾನೆಟ್ ಎತ್ತಿ ನೋಡಿದಳು. ಒಳಗೆ ಮೂವತ್ತು ವರ್ಷದ ಜಿಡ್ಡು. ಹೊಲಸನ್ನು ಕಂಡರೆ ಅವಳ ಕೈ ಸುಮ್ಮನಿರದು. ಸ್ಪಿರಿಟ್ಟು, ಹತ್ತಿ ತಂದಳು. ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೆ ಕಿಡಿ ಹಂಚುವ ದುಂಡನೆಯ ಕಪ್ಪು ಮುಚ್ಚಳದಿಂದ ನಾಲ್ಕು ವೈರುಗಳನ್ನೂ ಕಿತ್ತು, ಒಂದೊಂದನ್ನೇ ಫಳಫಳ ಒರೆಸಿದಳು. ಪ್ರತಿ ವೈರಿಗೂ ಅದರ ಸಂಖ್ಯೆಯ ಪಟ್ಟಿ ಸುತ್ತಿತ್ತು. ಮತ್ತೆ ಹಾಕುವುದು ಹೇಗೆಂದು ಬಾನೆಟ್ಟಿನ ಒಳಮೈಯಲ್ಲೇ ಚೀಟಿಯಿತ್ತು: "ವೈರ್ 1, 3, 4, 2. ಒಂದು ನಿಮಗೆ ಹತ್ತಿರದ್ದು. ಬಲದಿಂದ." ಅವಳು ಅದನ್ನು ಎರಡು ಸಲ ಓದಿದಳು. ಹಾಗೆಯೇ ಹಾಕಿದಳು. ಕೈತೊಳೆದು, ಬಂದ ಗಿರಾಕಿಗೆ ಕೆಮ್ಮಿನ ಔಷಧಿ ಕೊಟ್ಟಳು. ಆ ವಿಷಯ ಅಲ್ಲಿಗೆ ಮರೆತೂಹೋಯಿತು.

ಗುರುವಾರ ಬೆಳಿಗ್ಗೆ ತಮ್ಮ ಕೀಲಿ ತಿರುಗಿಸಿದ. ಜೀಪು ಚಳಿಜ್ವರ ಬಂದವರಂತೆ ನಡುಗಿತು. ಬಾನೆಟ್ ಗಡಗಡ, ಕನ್ನಡಿ ಗಡಗಡ. ಹಿಂದಿನ ಕೊಳವೆ ಠಪ್ಪೆಂದು ಸಿಡಿದು ಹಸಿ ಪೆಟ್ರೋಲಿನ ವಾಸನೆ ಕಾರಿತು. ಎದುರಿನ ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು, ಒಂದು ರಾತ್ರಿಯಲ್ಲಿ ಇದಕ್ಕೇನಾಯಿತು, ನಿಮ್ಮ ಅಂಗಡಿಯ ಮಾತ್ರೆ ಏನಾದರೂ ಕೊಟ್ಟಿರಾ ಎಂದು ಕೇಳಿದ.

ಅಕ್ಕ ನಗಲಿಲ್ಲ. ನಿನ್ನೆ ಬೆಕ್ಕಿನ ಮರಿ, ಇವತ್ತು ಹೀಗೆ. ಒಂದು ದಿನ ಓಡುವ ಹಾಗೆ ಏನೋ ಮಸಲತ್ತು ಮಾಡಿ ಕಳಿಸಿದ್ದಾರೆ ಎಂದುಕೊಂಡಳು. ಅಳತೆಯವರ ಮುತ್ತಿನಂಥ ಅಕ್ಷರ ನೆನಪಾಯಿತು. ಅಷ್ಟು ಅಂದವಾಗಿ ಬರೆಯುವವರನ್ನು ನಂಬುವುದು ಹೇಗೆ?

ತಮ್ಮ ಮೆಕ್ಯಾನಿಕ್ಕನ್ನು ಕರೆತಂದ. ಯಾರು ಏನೇ ಕೇಳಿದರೂ "ಹ್ಞೂಂ" ಎನ್ನುವುದರಿಂದ ಅವನಿಗೆ ಹ್ಞೂಂ ಮೇಸ್ತ್ರಿ ಎಂದೇ ಹೆಸರು. ಅಕ್ಕ ಸಿರಪ್ಪಿನ ಬಾಟಲಿಗಳ ಸಂದಿಯಿಂದ ಕಣ್ಣಿಟ್ಟಳು. ಮೇಸ್ತ್ರಿ ಎಂಜಿನ್ ಓಡುತ್ತಿರುವಾಗಲೇ ನೀರಲ್ಲಿ ಬೆರಳು ಅದ್ದಿ ಹೊಗೆ ಹೋಗುವ ನಾಲ್ಕು ಬಾಯಿಗಳ ಮೇಲೆ ಒಂದೊಂದು ಹನಿ ಬಿಟ್ಟ. ಎರಡರ ಮೇಲೆ ಚುಂಯ್ ಎಂದು ಆರಿಹೋಯಿತು. ನಡುವಿನ ಎರಡರ ಮೇಲೆ ಕಣ್ಣಿಗೆ ಬಿಟ್ಟ ಔಷಧಿಯಂತೆ ಹಾಗೇ ನಿಂತಿತು. ಆಮೇಲೆ ಅವನು ವೈರುಗಳತ್ತ ಕೈ ತೋರಿಸಿ ತಮ್ಮನನ್ನು ಏನೋ ಕೇಳಿದ. ತಮ್ಮ ಇಲ್ಲವೆಂದು ತಲೆಯಾಡಿಸಿದ. ಮೇಸ್ತ್ರಿ ತಗ್ಗಿದ ದನಿಯಲ್ಲಿ ಇನ್ನೇನೋ ಹೇಳಿದ. ತಮ್ಮ ಅಂಗಡಿಯ ಕಡೆ ಒಮ್ಮೆ ನೋಡಿ, ತಟ್ಟನೆ ಮುಖ ತಿರುಗಿಸಿಕೊಂಡ.

ಆ ನೋಟ ಅಕ್ಕನ ಲೆಕ್ಕಕ್ಕೆ ಸೇರಿತು. ಒಳಗೆ ಬಂದು ತಮ್ಮ ಹೇಳಿದ್ದಿಷ್ಟು: ಮಿಸ್ಸಿಂಗ್ ಹೊಡೆಯುತ್ತಿದೆ, ನಾಲ್ಕರಲ್ಲಿ ಎರಡು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಎಂಜಿನ್ ಬಿಚ್ಚಿ ನೋಡಬೇಕಂತೆ. ಬಿಚ್ಚಿದ ಮೇಲೆ ಯಾವ ಭಾಗ ಯಾವ ಗಾಡಿಗೆ ಹೋಗುತ್ತದೋ ಯಾರು ಕಂಡರು? ಬಿಚ್ಚುವುದು ಬೇಡವೆಂದಳು ಅಕ್ಕ.

ಶುಕ್ರವಾರ ರಕ್ತದೊತ್ತಡದ ಮಾತ್ರೆಗೆ ಬಂದ ಟೀಚರಮ್ಮ, ನಿಮ್ಮ ತಮ್ಮನನ್ನು ಅಳತೆಯವರ ಗೇಟಿನ ಹತ್ತಿರ ನೋಡಿದೆ, ಇಬ್ಬರೂ ಬಹಳ ಹೊತ್ತು ಮಾತಾಡುತ್ತಿದ್ದರು ಎಂದರು. ಊಟಕ್ಕೆ ಕುಳಿತಾಗ ಅಕ್ಕ ತಮ್ಮನನ್ನು ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಇಲ್ಲೇ ಎಂದ. ಎಲ್ಲಿ ಎಂದು ಎರಡನೆಯ ಸಲ ಕೇಳಿದಳು. ತಟ್ಟೆ ನೋಡುತ್ತಾ, ಇಲ್ಲೇ ಟೈಲರ ಹತ್ತಿರ ಎಂದ. ಅಕ್ಕ ತನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಳತೆಯವರು, ಮೇಸ್ತ್ರಿ, ತಮ್ಮ ಮೂವರೂ ಒಂದೇ, ಹೊರಗಿನವಳು ತಾನೊಬ್ಬಳೇ ಎಂದು ಅವಳಿಗೆ ಖಚಿತವಾಯಿತು.

ಶನಿವಾರ ಹತ್ತು ಗಂಟೆಗೆ ಅಂಗಡಿಗೆ ಬೀಗ ಹಾಕಿ ಜೀಪು ಹತ್ತಿ ಕುಳಿತಳು. ವಾಪಸು ಕೊಟ್ಟು ಬರೋಣ ಎಂದಳು. ತಮ್ಮ ಎದುರಾಡದೆ ಹೊರಟ. ಅದೂ ಅನುಮಾನಕ್ಕೇ ಆಯಿತು. ಗಾಡಿ ಕುಂಟುತ್ತಾ, ಠಪ್ ಠಪ್ ಎನ್ನುತ್ತಾ ಏರು ಹತ್ತಲಾರದೆ ಹತ್ತಿತು. ಆ ಸದ್ದಿನ ನಡುವೆ ಅಕ್ಕ ಎರಡು ದಿನದಿಂದ ನಾಲಗೆಯ ತುದಿಯಲ್ಲಿದ್ದ ಮಾತು ಆಡಿದಳು.

"ಇದು ಕೆಟ್ಟಿರೋ ಗಾಡಿ ಅಂತ ನಿನಗೆ ಮೊದಲೇ ಗೊತ್ತಿತ್ತು, ಅಲ್ವೇನೋ?"

"ಗೊತ್ತಿದ್ರೆ ನಿನ್ನ ಹೆಸರಲ್ಲಿ ತಗೋತಿದ್ನಾ ಅಕ್ಕ?"

"ಗೊತ್ತಿದ್ದಿದ್ದಕ್ಕೇ ನನ್ನ ಹೆಸರಲ್ಲಿ ತಗೊಂಡೆ."

ತಮ್ಮ ಗೇರು ಬದಲಿಸಿದ. ಅವನ ಕಿವಿ ಕೆಂಪಾಗಿತ್ತು.

ಅಳತೆಯವರು ಸದ್ದು ಕೇಳಿಯೇ ಗೇಟಿಗೆ ಬಂದಿದ್ದರು. ಯಾಕೆ ತಂದಿರಿ ಎಂದು ಕೇಳದೆ, ಮೊದಲು ಬಾನೆಟ್ ಎತ್ತಿದರು. ಕಪ್ಪು ಮುಚ್ಚಳದ ಸುತ್ತ ಬೆರಳಾಡಿಸಿ, ಅದರ ಹೊಳಪು ನೋಡಿ, ವೈರ್ ಯಾರು ತೆಗೆದದ್ದು ಎಂದರು.

"ಯಾರೂ ಮುಟ್ಟಿಲ್ಲ ಸರ್," ಅಂದ ತಮ್ಮ. "ಮೇಸ್ತ್ರೀನೂ ಇದನ್ನೇ ಕೇಳಿದ್ರು. ಇಲ್ಲ ಅಂದೆ."

"ನಾನು ತೆಗೆದೆ," ಅಂದಳು ಅಕ್ಕ.

ತಮ್ಮ ತಿರುಗಿ ನೋಡಿದ.

"ಒರೆಸೋಕೆ ತೆಗೆದೆ. ಹಾಗೆಲ್ಲಾ ನೋಡಬೇಡ ಕಣೋ. ಸರ್, ನಿಮ್ಮ ಚೀಟಿಯಲ್ಲಿರೋ ಹಾಗೇ ಹಾಕಿದ್ದೀನಿ. ಒಂದು, ಮೂರು, ನಾಲ್ಕು, ಎರಡು. ಬಲದಿಂದ ಅಂತಿತ್ತು, ಬಲದಿಂದಲೇ ಒತ್ತಿದ್ದೀನಿ. ಹೆಬ್ಬೆರಳು ಇನ್ನೂ ನೋಯ್ತಿದೆ."

ಅಳತೆಯವರು ಅವಳ ಹೆಬ್ಬೆರಳನ್ನು ನೋಡಿದರು. ಚೀಟಿಯನ್ನು ನೋಡಿದರು. ಅವರ ಮೀಸೆ ಸ್ವಲ್ಪ ಅಲುಗಿತು.

"ಬಲದಿಂದ ಅಂದ್ರೆ ಬಲಗಡೆಯಿಂದ, ತಾಯಿ. ಒಂದಾದ ಮೇಲೆ ಬಲಕ್ಕೆ ಹೋಗಿ ಸುತ್ತಿ ಬರಬೇಕು. ನೀವು ಗಡಿಯಾರದ ಮುಳ್ಳಿನ ಥರ ಎಡಗಡೆಯಿಂದ ಸುತ್ತಿದ್ದೀರಿ. ಒಂದು, ನಾಲ್ಕು ಅಲ್ಲಲ್ಲೇ ಇವೆ. ಮೂರರ ಜಾಗದಲ್ಲಿ ಎರಡು, ಎರಡರ ಜಾಗದಲ್ಲಿ ಮೂರು."

ಅವರು ಬಲದ ವೈರನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಹಾಕಿದರು. ಬಹಳ ಗಟ್ಟಿಯಾಗಿ ಒತ್ತಿದ್ದರಿಂದ ಕೀಳಲು ಮಾತ್ರ ಕಷ್ಟಪಟ್ಟರು. ತಮ್ಮ ಕೀಲಿ ತಿರುಗಿಸಿದ. ನಡುಕವಿಲ್ಲ, ಠಪ್ಪಿಲ್ಲ. ಬುಧವಾರದ ಬೆಕ್ಕಿನ ಮರಿ.

ಅಕ್ಕ ಆ ಚೀಟಿಯನ್ನೇ ನೋಡುತ್ತಿದ್ದಳು. ಹದಿನೆಂಟು ವರ್ಷ ಇರುವೆಯ ಹೆಜ್ಜೆಗಳನ್ನು ಓದಿದವಳು ಮುತ್ತಿನಂಥ ಒಂದು ಪದದಲ್ಲಿ ಜಾರಿದ್ದಳು. ಎರಡು ಸಲ ಓದಿದ್ದಳು, ಎರಡು ಸಲವೂ ಒಂದೇ ಅರ್ಥ.

"ಹಾಗಾದ್ರೆ ವಾಪಸ್ಸು ಬೇಡ ತಾನೇ?" ಅಳತೆಯವರು ಕೈ ಒರೆಸಿಕೊಂಡರು. "ನಿಮ್ಮ ತಮ್ಮ ನಿನ್ನೆ ಬಂದಿದ್ದ. ಅಕ್ಕನಿಗೆ ಬೇಡ ಅನ್ನಿಸಿದ್ರೆ ಒಂದು ಮಾತೂ ಆಡದೆ ತಗೊಳ್ಳಿ ಸರ್, ಅವಳು ನಿಮ್ಮ ಹತ್ರ ಕೇಳ್ಕೊಂಡು ನಿಲ್ಲೋ ಹಾಗೆ ಆಗಬಾರದು ಅಂತ ಗೇಟಲ್ಲೇ ನಿಂತು ಹೇಳಿದ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ ಅಂತ ನಾನೇ ರೇಗಿದೆ."

ತಮ್ಮ ಸ್ಟೀರಿಂಗಿನ ಮೇಲಿದ್ದ ಕಾಣದ ಧೂಳನ್ನು ಬೆರಳಿನಿಂದ ಕೆರೆಯುತ್ತಿದ್ದ.

"ಬೇಡ," ಅಂದಳು ಅಕ್ಕ. "ವಾಪಸ್ಸು ಬೇಡ." ಅದನ್ನೂ ಎರಡು ಸಲ ಹೇಳಿದಳು.

ಇಳಿಜಾರಿನಲ್ಲಿ ಜೀಪು ಸದ್ದಿಲ್ಲದೆ ಹೊರಟಿತು. ಸದ್ದಿಲ್ಲದಿರುವುದೇ ಈಗ ಕಷ್ಟವಾಯಿತು. ಬರುವಾಗ ಆಡಿದ ಮಾತು ಇಬ್ಬರ ನಡುವಿನ ಸೀಟಿನಲ್ಲಿ ಮೂರನೆಯವರ ಹಾಗೆ ಕುಳಿತಿತ್ತು.

"ಬೈದುಬಿಡೋ," ಅಂದಳು ಕೊನೆಗೆ. "ಸುಮ್ನಿರಬೇಡ."

ತಮ್ಮ ಬೈಯಲಿಲ್ಲ. ತಿರುವು ದಾಟಿದ ಮೇಲೆ ಕೇಳಿದ: "ವೈರ್ ಬಿಟ್ಟು ಇನ್ನೇನೇನು ಒರೆಸಿದ್ದೆ?"

"ಬ್ಯಾಟರಿ ಮೇಲೆ. ಆಮೇಲೆ ಆಯಿಲ್ ನೋಡೋ ಕಡ್ಡಿ."

"ಕಡ್ಡೀನ ಪೂರ್ತಿ ಒಳಗೆ ಹಾಕಿದ್ದೀಯಾ?"

"ಹಾಕಿದ್ದೀನಿ."

"ಹಾಕಿದ್ದೀಯಾ?"

ಎರಡನೆಯ ಸಲ ಕೇಳಿಸಿಕೊಂಡಾಗ ಹೇಗಿರುತ್ತದೆಂದು ಅಕ್ಕನಿಗೆ ಅಂದು ತಿಳಿಯಿತು. ತಮ್ಮ ಜೀಪನ್ನು ರಸ್ತೆಯ ಬದಿಗೆ ನಿಲ್ಲಿಸಿ ಇಳಿದು ಬಾನೆಟ್ ಎತ್ತಿದ. ಎತ್ತಿದ ತಗಡಿನ ಹಿಂದೆ ಅವನ ಮುಖ ಕಾಣಿಸಲಿಲ್ಲ. ಬಿಸಿಲಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು, ಅಕ್ಕ ಕಾದಳು. ಅವನು ಎಷ್ಟು ಹೊತ್ತು ತೆಗೆದುಕೊಂಡರೂ ಅವಳಿಗೆ ಅದು ಹೆಚ್ಚೆನಿಸಲಿಲ್ಲ.

"ಸರಿಯಾಗಿ ನೋಡ್ಕೋ," ಅಂದಳು ಕುಳಿತಲ್ಲಿಂದಲೇ. "ಇನ್ನೊಂದು ಸಲ ನೋಡ್ಕೋ."

ತಗಡಿನ ಹಿಂದಿನಿಂದ ಉತ್ತರ ಬಂತು: "ಹ್ಞೂಂ."