ಕನ್ನಡಿ ಗೋಡೆಯ ಕೋಣೆ

ನಾನು ಸಮಾಜಕಾರ್ಯದ ಪದವಿಗೆ ಸೇರಿದ ಸುದ್ದಿ ಕೇಳಿ ಚಿಕ್ಕಪ್ಪ ಒಂದೇ ಮಾತು ಕೇಳಿದ್ದರು: "ಪರೋಪಕಾರಕ್ಕೂ ಪರೀಕ್ಷೆ ಇರುತ್ತೇನೇ?"

ಇರುತ್ತಿತ್ತು. ಅದೂ ಎಂಥ ಪರೀಕ್ಷೆ!

ನಮ್ಮ ವಿಭಾಗದ ಕೊನೆಯಲ್ಲಿದ್ದ ಆ ಕೋಣೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎದುರುಬದುರಾಗಿ ಎರಡು ಕುರ್ಚಿ, ನಡುವೆ ಗಿಡ್ಡ ಮೇಜು, ಮೇಜಿನ ಮೇಲೆ ಸ್ವಿಚ್ಚಿರುವ ಮೈಕು. ಒಂದು ಗೋಡೆಯ ಉದ್ದಕ್ಕೂ ಕನ್ನಡಿ. ಒಳಗೆ ಕುಳಿತವರಿಗೆ ಅದು ಕನ್ನಡಿಯಾದರೆ, ಆಚೆಯ ಕತ್ತಲೆ ಕೋಣೆಯಲ್ಲಿ ಕಿಕ್ಕಿರಿದು ಕುಳಿತ ಸಹಪಾಠಿಗಳಿಗೆ ಅದೇ ಕಿಟಕಿ. ಒಳಗಿನ ಮಾತು ಮೈಕಿನ ಮೂಲಕ ಅವರನ್ನು ತಲುಪುತ್ತಿತ್ತು. ಒಬ್ಬಳು ಸಮಾಜ ಕಾರ್ಯಕರ್ತೆ. ಇನ್ನೊಬ್ಬಳು ಸೇವಾರ್ಥಿ, ಎಂದರೆ ಕಷ್ಟ ಹೇಳಿಕೊಳ್ಳಲು ಬಂದವಳು. ಸೇವಾರ್ಥಿಗೆ ಅವಳ ಪಾತ್ರವನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ನಮಗೆ ಪಾಠ ಹೇಳುತ್ತಿದ್ದ ಮೇಡಂ ಆಚೆಯಿಂದ ಗಾಜು ತಟ್ಟುವವರೆಗೆ ಇಬ್ಬರೂ ಪಾತ್ರ ಬಿಟ್ಟು ಹೊರಬರುವಂತಿರಲಿಲ್ಲ. ಬಂದರೆ ಅಂಕಗಳ ಆಸೆಯನ್ನು ಅಲ್ಲಿಯೇ ಬಿಡಬೇಕಿತ್ತು.

ಆ ಮೂರು ವರ್ಷಗಳಲ್ಲಿ ನಾವು ಚಪ್ಪಲಿ ಸವೆಸಿದ ಓಣಿಗಳೆಷ್ಟು, ಹತ್ತಿಳಿದ ಆಸ್ಪತ್ರೆಯ ಮೆಟ್ಟಿಲುಗಳೆಷ್ಟು! ಕ್ಷೇತ್ರಕಾರ್ಯ ಮುಗಿಸಿ ಬಸ್ಸಿನಲ್ಲಿ ಪರಸ್ಪರರ ಭುಜದ ಮೇಲೆ ನಿದ್ದೆಹೋಗುತ್ತಿದ್ದ ಸಂಜೆಗಳ ಸುಖ ಆಮೇಲೆ ಯಾವ ಪ್ರಯಾಣದಲ್ಲಿಯೂ ಸಿಗಲಿಲ್ಲ. ಬಾಗಿಲು ತೆರೆದವರ ಮೇಲೆ ಒಂದರ ಹಿಂದೊಂದು ಪ್ರಶ್ನೆ ಎಸೆಯುತ್ತಿದ್ದ ನನಗೆ ಗೆಳತಿಯರು 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದರು. ನನ್ನ ಕೋಣೆಯ ಜೊತೆಗಾತಿಗೆ ಇಟ್ಟ ಹೆಸರು 'ಕಂಪನಿ'. ಒಬ್ಬಳೇ ಇಡೀ ನಾಟಕ ಕಂಪನಿ ಅವಳು. ವಾರ್ಡನ್ ಕೆಮ್ಮುವ ಬಗೆ, ಗ್ರಂಥಪಾಲಕರ ಮೂಗುಮಾತು, ನಮ್ಮ ಮೇಡಂ ಕನ್ನಡಕ ಏರಿಸುವ ಗತ್ತು ಎಲ್ಲವೂ ಅವಳ ನಾಲಗೆಯ ತುದಿಯಲ್ಲಿದ್ದವು. ಊಟದ ಕೋಣೆಯಲ್ಲಿ ಅವಳ ಪಕ್ಕದ ಜಾಗಕ್ಕೆ ನೂಕುನುಗ್ಗಲು.

ಕೊನೆಯ ವರ್ಷದ ಕೊನೆಯ ಸಂದರ್ಶನ. ಪ್ರಾಯೋಗಿಕ ಪರೀಕ್ಷೆಯ ಬಹುಪಾಲು ಅಂಕ ಅದರ ಮೇಲೆಯೇ ನಿಂತಿತ್ತು. ಲಿಖಿತ ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು, ಪಾಠಗಳು ನಡೆದೇ ಇದ್ದವು. ಕಾರ್ಯಕರ್ತೆ ನಾನು, ಸೇವಾರ್ಥಿ ಕಂಪನಿ. ಅಂದು ಮಧ್ಯಾಹ್ನ ಅವಳನ್ನು ಓದು ಬಿಡಿಸಿ ಊರಿಗೆ ಕರೆದೊಯ್ಯಲು ಅವಳ ತಂದೆ ಹೊರಟು ಬರುತ್ತಿದ್ದಾರೆಂಬ ಸಂಗತಿ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚೀಟಿಯಲ್ಲಿದ್ದದ್ದು ಕುಡುಕ ಗಂಡನ ಹೆಂಡತಿಯ ಪಾತ್ರ. ಕಂಪನಿ ಸೆರಗು ಹೊದ್ದವಳಂತೆ ದುಪಟ್ಟಾ ಎಳೆದುಕೊಂಡು, ಮೂಗೇರಿಸುತ್ತ ಆರಂಭಿಸಿದಳು.

"ಏನು ಹೇಳ್ಲಿ ತಾಯಿ, ನನ್ನ ಗಂಡ ದೇವರಂಥೋನು. ಕರೆದ್ರೂ ಮಾತಾಡಲ್ಲ, ಬೈದ್ರೂ ಏಳಲ್ಲ."

ಗೋಡೆಯಾಚೆ ನಗೆ ಸಿಡಿದದ್ದು ನನಗೂ ಕೇಳಿಸಿತು. ನಗು ತಡೆದುಕೊಂಡು ಕೇಳಿದೆ: "ಮನೇಲಿ ಇನ್ಯಾರಿದ್ದಾರೆ? ಊಟಕ್ಕೆಲ್ಲ ಏನ್ಮಾಡ್ತೀರಾ? ನಿಮಗೆ ಸಹಾಯ ಅಂತ ಯಾರಾದ್ರೂ..."

"ಒಂದೊಂದಾಗಿ ಕೇಳಿ ತಾಯಿ, ನಾನೇನು ಅಂಗಡಿ ಇಟ್ಟಿದ್ದೀನಾ?"

ಮತ್ತೆ ನಗು. ಅನಂತರ ಅವಳು ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡತೊಡಗಿದಳು.

"ಮನೇಲಿ ಅಮ್ಮ ಇದ್ದಾರೆ. ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ. ಅಪ್ಪ ಇವತ್ತು ಬರ್ತಾರೆ."

ಚೀಟಿಯಲ್ಲಿ ಅಮ್ಮನಿರಲಿಲ್ಲ, ಅಪ್ಪನೂ ಇರಲಿಲ್ಲ. ಪಾತ್ರವನ್ನು ಬೆಳೆಸುವುದು ಕಂಪನಿಗೆ ಹೊಸದಲ್ಲವಾದ್ದರಿಂದ ಅದೊಂದರಿಂದ ನಾನು ಎಚ್ಚೆತ್ತುಕೊಳ್ಳುತ್ತಿರಲಿಲ್ಲ. ಎಚ್ಚರಿಸಿದ್ದು ದನಿ. ಮೂರು ವರ್ಷ ಅವಳ ಬಾಯಿಂದ ಊರವರ ದನಿಯನ್ನೆಲ್ಲ ಕೇಳಿದ್ದ ನನಗೆ ಈ ದನಿ ಯಾರದೆಂದು ಗುರುತು ಹತ್ತಲಿಲ್ಲ. ತೆಳ್ಳಗೆ, ಬಣ್ಣವಿಲ್ಲದ, ತುದಿಯಲ್ಲಿ ಒಡೆಯುವ ದನಿ. ಯಾರದೂ ಅಲ್ಲದ ಮೇಲೆ ಅದು ಅವಳದೇ ಇರಬೇಕು.

"ಊರೋರನ್ನೆಲ್ಲ ನೋಡ್ಕೊಳ್ಳೋಕೆ ಓದ್ತೀಯಂತೆ, ಮೊದಲು ಹೆತ್ತೋಳನ್ನ ನೋಡ್ಕೋ ಅಂದ್ರು ಫೋನಲ್ಲಿ. ಅದಕ್ಕೆ ಏನಂತ ಹೇಳೋದು? ನಿಜ ತಾನೇ ಅದು?"

ಗೋಡೆಯಾಚೆ ಸದ್ದಡಗಿತ್ತು. ಅಭಿನಯವೆಂದರೆ ಇದು ಎಂದು ಎಲ್ಲರೂ ಉಸಿರು ಬಿಗಿಹಿಡಿದು ಕುಳಿತಿದ್ದಿರಬೇಕು.

'ಇದು ನಾಟಕವಲ್ಲ' ಎಂದು ಎದ್ದುನಿಂತರೆ ಅವಳ ಮನೆಯ ಕಷ್ಟ ತರಗತಿಯ ಪಾಲಾಗುತ್ತದೆ. ನಾಟಕವೆಂದೇ ಮುಂದುವರಿಸಿದರೆ ಗೆಳತಿಯ ಬದುಕನ್ನು ಅಂಕಗಳಿಗೆ ಮಾರಿದಂತಾಗುತ್ತದೆ. ಕನ್ನಡಿಯಲ್ಲಿ ನಮ್ಮಿಬ್ಬರ ಮುಖಗಳಷ್ಟೇ ಕಾಣುತ್ತಿದ್ದವು. ಸೇವಾರ್ಥಿಯ ಗುಟ್ಟು ಕಾಯುವುದೇ ಮೊದಲ ಪಾಠವೆಂದು ಮೇಡಂ ಹೇಳಿಕೊಟ್ಟದ್ದು ಇದೇ ಕೋಣೆಯಲ್ಲಿ.

ಕೈ ಚಾಚಿ ಮೈಕಿನ ಸ್ವಿಚ್ ಆರಿಸಿದೆ.

ಕಂಪನಿ ಬೆಚ್ಚಿದಳು. "ಏಯ್, ಹುಚ್ಚೀ! ಫೇಲ್ ಮಾಡ್ತಾರೆ ಕಣೇ."

"ಮಾಡ್ಲಿ. ಅಪ್ಪ ಎಷ್ಟು ಹೊತ್ತಿಗೆ ಬರ್ತಾರೆ?"

"ಊಟದ ಹೊತ್ತಿಗೆ." ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಆಚೆಯವರು ನೋಡುತ್ತಿದ್ದಾರೆಂಬ ಎಚ್ಚರ ಅವಳಿಗಿತ್ತು. "ಹೋಗಲ್ಲ ಅಂದ್ರೆ ಅಮ್ಮನ್ನ ಬಿಟ್ಟ ಹಾಗೆ. ಹೋದ್ರೆ ಮತ್ತೆ ಬರೋದು ಸುಳ್ಳು."

"ಅಪ್ಪನ ಮುಂದೆ ಏನು ಹೇಳ್ತೀಯಾ? ನಾನೇ ಅಪ್ಪ ಅನ್ಕೊಂಡು ಹೇಳು, ನೋಡೋಣ."

"ನೀನಾ? ಹೋದ ಸಲ ಅಜ್ಜಿ ಪಾತ್ರ ಮಾಡ್ತೀನಿ ಅಂತ ಆ ಅಜ್ಜಿ ಜೀವಾನೇ ತೆಗೆದಿದ್ದೆ."

"ಹಾಗಾದ್ರೆ ನೀನೇ ಅಪ್ಪ ಆಗು. ನಾನು ನೀನಾಗ್ತೀನಿ."

ಅವಳು ಮೊಣಕಾಲು ಅಗಲಿಸಿ, ಎರಡೂ ಅಂಗೈಗಳನ್ನು ಅವುಗಳ ಮೇಲೆ ಊರಿ, ಕತ್ತು ತಗ್ಗಿಸಿದಳು. ಮನೆ ಬದಲಿಸುವವರ ಸಾಮಾನು ಸಾಗಿಸುವ ವ್ಯಾನಿನ ಚಾಲಕರಾದ ಅವಳ ಅಪ್ಪನೇ ನನ್ನೆದುರು ಬಂದು ಕುಳಿತಂತಾಯಿತು.

"ನಡಿ. ವ್ಯಾನು ಹೊರಗೆ ನಿಂತಿದೆ."

"ಬರಲ್ಲಪ್ಪ."

"ಬರಲ್ವಾ? ನಿಮ್ಮಮ್ಮನ್ನ ಯಾರು ನೋಡ್ಕೋತಾರೆ?"

ಆಚೆಯಿಂದ ಗಾಜಿನ ಮೇಲೆ ಬೆರಳಿನ ಸದ್ದಾಯಿತು. ಸಂದರ್ಶನ ಮುಗಿಯಿತೆಂದು ಅರ್ಥ. ನಾವಿಬ್ಬರೂ ಅತ್ತ ತಿರುಗಲಿಲ್ಲ. ನನ್ನ ನಾಲಗೆಗೆ ಹತ್ತು ಪ್ರಶ್ನೆಗಳು ಬಂದವು, ಒಂಬತ್ತನ್ನು ನುಂಗಿದೆ.

"ನೀವು ಅಲ್ಲೇ ಇದ್ದೀರಲ್ಲಪ್ಪ. ನಿಮಗ್ಯಾಕೆ ಆಗಲ್ಲ?"

"ನಾನು ಗಂಡಸು ಕಣೇ!" ಎಂಬ ಉತ್ತರ ಥಟ್ಟನೆ ಬಂತು. ಗಾಜು ಮತ್ತೆ ಸದ್ದು ಮಾಡಿತು, ಈ ಸಲ ಜೋರಾಗಿ. ಹೊರಗೆ ನಡಿಗೆಯ ಸಪ್ಪಳ. ಮೇಡಂ ಬರುತ್ತಿದ್ದರು.

"ನಾಲ್ಕು ಜನ ಎತ್ತೋ ಬೀರೂನ ಒಬ್ಬನೇ ಬೆನ್ನ ಮೇಲೆ ಹಾಕ್ಕೊಂಡು ಮಹಡಿ ಹತ್ತೀನಿ," ಎಂದು ಅಪ್ಪನ ದನಿ ತಡೆತಡೆದು ಹೇಳಿತು. "ಅವಳನ್ನ ಎತ್ತೋಕೆ ಹೋದ್ರೆ ಕೈ ನಡುಗುತ್ತೆ. ಅವತ್ತು ಸ್ನಾನಕ್ಕೆ ಅಂತ ಎತ್ತಿದೆ, ಜಾರಿಬಿಟ್ಲು. ಮತ್ತೆ ಮುಟ್ಟೋಕೇ..."

ಕಂಪನಿ ತನ್ನ ಅಂಗೈಗಳನ್ನು ಮೊಣಕಾಲಿನಿಂದ ಎತ್ತಿಕೊಂಡು, ಅವು ಬೇರೆ ಯಾರದೋ ಎಂಬಂತೆ ನೋಡಿದಳು.

"ಅಮ್ಮ ಜಾರಿದ್ದು ಪಕ್ಕದ ಮನೆ ಆಂಟಿ ಹೇಳಿದ್ರು," ಎಂದಳು, ಆ ತೆಳ್ಳನೆಯ ದನಿಯಲ್ಲಿ. "ಅಪ್ಪ ಬಾಯೇ ಬಿಟ್ಟಿಲ್ಲ. ಅವರಿಗೆ ಭಯ ಆಗಿದೆ ಕಣೇ. ಇಷ್ಟು ದಿನ ಕೋಪ ಅನ್ಕೊಂಡಿದ್ದೆ."

ಬಾಗಿಲು ತೆರೆಯಿತು. ಮೇಡಂ ಕನ್ನಡಕ ಏರಿಸಿದರು.

"ಸ್ವಿಚ್ ಯಾಕೆ ಆರಿಸಿದೆ?"

"ಸೇವಾರ್ಥಿಯ ಗುಟ್ಟು, ಮೇಡಂ."

ಅವರು ನನ್ನನ್ನೊಮ್ಮೆ, ಕಂಪನಿಯ ಒದ್ದೆ ರೆಪ್ಪೆಗಳನ್ನೊಮ್ಮೆ ನೋಡಿದರು. "ಕೇಳದೇ ಇರೋ ಮಾತಿಗೆ ಅಂಕ ಕೊಡೋಕೆ ನನಗೆ ಬರಲ್ಲಮ್ಮ. ಕೇಳಿದಷ್ಟಕ್ಕೆ ಕೊಡ್ತೀನಿ." ತಿರುಗಿ ನಿಂತು, ಹೊರಗೆ ಗುಂಪುಗೂಡಿದ್ದವರನ್ನು ಗದರಿದರು: "ಏನು ಜಾತ್ರೆನಾ ಇಲ್ಲಿ? ನಡೀರಿ ಎಲ್ಲ." ಬಾಗಿಲನ್ನು ಅವರೇ ಮುಚ್ಚಿಕೊಂಡು ಹೋದರು.

ನಾನು ಉತ್ತೀರ್ಣಳಾದದ್ದು ಕೂದಲೆಳೆಯಲ್ಲಿ. ಆದರೆ ಆಗ ಅಂಕದ ಯೋಚನೆ ಯಾರಿಗಿತ್ತು? ವ್ಯಾನು ಆಗಲೇ ಹಾಸ್ಟೆಲಿನ ಗೇಟಿನಲ್ಲಿ ನಿಂತಿತ್ತು.

ಕಂಪನಿಯ ತಂದೆ ನಾನು ಊಹಿಸಿದ್ದಕ್ಕಿಂತ ಕುಳ್ಳಗಿದ್ದರು. ಮಗಳನ್ನು ಕಂಡೊಡನೆ, "ಸಾಮಾನು ಎಲ್ಲಿ?" ಎಂದರು.

ಅವಳು ಸಣ್ಣ ಕೈಚೀಲವೊಂದನ್ನು ತೋರಿಸಿದಳು.

"ಇಷ್ಟೇನಾ? ಉಳಿದಿದ್ದು?"

"ಉಳಿದಿದ್ದು ಇಲ್ಲೇ ಇರುತ್ತೆ ಅಪ್ಪ. ನಾನು ಎರಡು ವಾರದ ಮಟ್ಟಿಗೆ ಬರ್ತೀನಿ. ಅಮ್ಮನ್ನ ಹೇಗೆ ಎತ್ತೋದು, ಹೇಗೆ ಮಗ್ಗುಲು ಬದಲಾಯಿಸೋದು, ಎಲ್ಲ ನಿಮಗೆ ಕಲಿಸಿಕೊಡ್ತೀನಿ. ಆಸ್ಪತ್ರೆ ವಾರ್ಡಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ. ಬರೀ ತೋಳಿನ ಬಲದಲ್ಲಿ ಎತ್ತಬಾರದು, ಮೊಣಕಾಲು ಬಗ್ಗಿಸಿ ಮೈಗೆ ಒರಗಿಸ್ಕೋಬೇಕು. ಜಾರಲ್ಲ."

ಅವರ ಮುಖ ಬಿಗಿಯಿತು. "ಜಾರಿದ್ದು ನಿನಗ್ಯಾರು ಹೇಳಿದ್ದು?"

"ಯಾರಾದ್ರೂ ಜಾರಿಸ್ತಾರೆ ಅಪ್ಪ. ಮೊದಲ ದಿನ ನಾನೂ ಜಾರಿಸಿದ್ದೆ. ಪುಣ್ಯಕ್ಕೆ ಅದು ಬೊಂಬೆ."

ಅವರು ವ್ಯಾನಿನ ಬಾಗಿಲಿಗೆ ಕೈಯಿಟ್ಟು ನಿಂತರು. ಕೋಪಿಸಿಕೊಳ್ಳುವರೋ, ಹಾಗೆಯೇ ಹೊರಟುಬಿಡುವರೋ ತಿಳಿಯದೆ ನಾನು ಗೇಟಿನ ಕಂಬಿ ಹಿಡಿದುಕೊಂಡೆ. ಕೊನೆಗೆ ಅವರು ಮಗಳ ಕೈಯಿಂದ ಆ ಸಣ್ಣ ಚೀಲವನ್ನು ತೆಗೆದುಕೊಂಡು, ಭಾರ ನೋಡುವವರಂತೆ ಒಮ್ಮೆ ತೂಗಿ, ಸೀಟಿನ ಮೇಲಿಟ್ಟರು. ನನ್ನ ಕಡೆ ತಿರುಗಿದರು.

"ನೀನೂ ಇದನ್ನೇ ಓದೋದಾ ಮಗಳೇ?"

"ಹೌದು ಅಂಕಲ್."

"ಎರಡು ವಾರದ ಪಾಠ ಇವಳಿಗೆ ತಪ್ಪಿಹೋಗುತ್ತಲ್ಲ. ಅದನ್ನ ಯಾರು ಬರ್ಕೊಡ್ತಾರೆ?"

"ನಾನು," ಎಂದೆ. ತರಗತಿಯಲ್ಲಿದ್ದಂತೆ ಕೈ ತಾನಾಗಿ ಮೇಲೆದ್ದಿತ್ತು.

ಎರಡು ವಾರವೆಂದು ಹೋದವಳು ಮರಳುವಾಗ ತಿಂಗಳು ಮೀರಿತ್ತು. ಅಷ್ಟೂ ದಿನ ನಾನು ಅವಳ ಜಾಗಕ್ಕೆ ಯಾರನ್ನೂ ಕೂರಗೊಡದೆ, ಪ್ರತಿ ಪಾಠವನ್ನೂ ಎರಡೆರಡು ಸಲ ಬರೆದೆ. ನನ್ನ ಕೈಬರಹ ಅಷ್ಟು ದುಂಡಾಗಿದ್ದದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ.