ವೆಂಕೂಬಾಯಿಯ ಅಂತರಾ

ಗುರುವಾರ ಬೆಳಿಗ್ಗೆ ರೋಣದ ಮನೆಯಲ್ಲಿ ಪದ್ಮಶ್ರೀ ತಂಬೂರಿಯ ತಂತಿ ಬಿಗಿಯುತ್ತಿದ್ದಾಗ ಫೋನು ಬಂತು. ಹೊಳೆಆಲೂರಿನಿಂದ, ಅವಳಿಗೆ ಸಂಗೀತ ಕಲಿಸಿದ ವೆಂಕೂಬಾಯಿಯ ಅಕ್ಕನ ಮಗ ಗುರುರಾಜ.

"ಮೌಶಿ ಹೋದ್ಲು. ಲಗೂ ಬಾ. ಹೊಳಿ ಏರಲಿಕ್ಕೆ ಹತ್ಯದ, ಸುಡಗಾಡಿಗೆ ನೀರು ಬರೋದ್ರೊಳಗ ಎತ್ತಬೇಕು."

ಅವಳು ಅಳಲಿಲ್ಲ. ಬಿಗಿದ ತಂತಿಯನ್ನು ಸಡಿಲಿಸಿ ಎದ್ದಳು.

*

ಹದಿನೆಂಟು ವರ್ಷದ ಹಿಂದೆ ಬಾಯಿ ಅವಳಿಗೆ ಒಂದು ಹಳೆಯ ಹಾಡು, ಒಂದು ಚೀಜು ಕಲಿಸಿದ್ದರು. ಗುರುವಿನ ಬಾಯಿಂದ ಶಿಷ್ಯರ ಕಿವಿಗೆ ಬಂದದ್ದು, ಎಲ್ಲೂ ಬರೆದಿಟ್ಟದ್ದಲ್ಲ. ಮೊದಲ ಭಾಗವಾದ ಸ್ಥಾಯಿ ಕೊಟ್ಟು, ಮುಂದಿನ ಅಂತರಾವನ್ನು ತಡೆಹಿಡಿದಿದ್ದರು.

"ನಮ್ಮ ಮನಿ ಪದ್ಧತಿ ಹಿಂಗ. ಅಂತರಾನ ಜೀವ ಹೋಗೋ ಹೊತ್ತಿಗೆ, ಎದುರು ಕೂಡಿಸಿಕೊಂಡು ಕೊಡೋದು. ನಮ್ಮ ಗುರುಗಳು ನನಗ ಕೊಟ್ಟ ಮೂರನೇ ದಿನಕ್ಕ ಹೋದ್ರು."

ಈ ಸೋಮವಾರ ಬಾಯಿಯೇ ಫೋನು ಮಾಡಿದರು. "ಪದ್ಮಾ, ಬಾ. ಅಂತರಾ ಕೊಡ್ತೀನಿ."

ತಾನು ತೆಗೆದುಕೊಳ್ಳದಿದ್ದರೆ ಬಾಯಿ ಹೋಗುವುದಿಲ್ಲ. ಹಾಗೆ ನಂಬಿಕೊಂಡು ಪದ್ಮಶ್ರೀ, "ಜ್ವರ ಬಂದಾವ್ರಿ" ಎಂದಳು. ಮಂಗಳವಾರವೂ ಅದನ್ನೇ ಹೇಳಿದಳು.

"ನಿನ್ನ ಜ್ವರ ನನಗಿಂತ ಗಟ್ಟಿ ಅವ ಬಿಡು," ಎಂದು ಬಾಯಿ ಕೆಮ್ಮುತ್ತ ನಕ್ಕಿದ್ದರು.

*

ಹೊಳೆಆಲೂರಿನ ಮನೆಯ ಪಡಸಾಲೆಯಲ್ಲಿ ಬಾಯಿಯನ್ನು ಮಲಗಿಸಿದ್ದರು. ನೆರೆಮನೆಯ ಗೌರವ್ವ ಬಾಗಿಲಲ್ಲೇ ಅಂದಳು: "ಬಾ ಅಂದಾಗ ಬರ್ಲಿಲ್ಲ, ಈಗ ಓಡಿ ಬಂದಾಳ ನೋಡು."

ಮೂಲೆಯಲ್ಲಿ ಫಕ್ರುಸಾಬರು ಕುಳಿತಿದ್ದರು. ನಲವತ್ತು ವರ್ಷ ಬಾಯಿಗೆ ತಬಲಾ ಸಾಥ್ ಕೊಟ್ಟವರು. ಈಗ ಕಿವಿ ಪೂರ್ತಿ ಹೋಗಿತ್ತು.

"ನಿನ್ನಿ ಮುಂಜಾನಿ ಬಾಗಲಾ ತಗಸಿ, ದಾರಿ ಕಡೆ ಮಾರಿ ಮಾಡಿ ಅಂತರಾ ಹಾಡಿದ್ರವ್ವಾ. ಮೂರು ಸಲ. ನನಗೇನ ಕೇಳ್ತೈತಿ? ಅವರ ಕೈ ನೋಡಿ ಠೇಕಾ ಹಿಡದೆ, ಅಷ್ಟ."

ಹಿತ್ತಲ ಕಡೆಯಿಂದ ಹೊಳೆಯ ಸದ್ದು ಕೇಳಿಸುತ್ತಿತ್ತು. ಒಳಗೆ ಬಂದ ಗುರುರಾಜನ ಕಾಲುಗಳು ಒದ್ದೆಯಾಗಿದ್ದವು. "ಏಳ್ರಿ ಇನ್ನ. ನೀರು ಸುಡಗಾಡದ ಕಟ್ಟಿ ತನಕ ಬಂದದ."

"ಒಂದ ಚೀಜು, ಗುರಣ್ಣಾ," ಎಂದಳು ಪದ್ಮಶ್ರೀ.

ಬಾಯಿಯ ಪಾದದ ಬಳಿ ಕುಳಿತು, ಕೈಯಲ್ಲಿ ತಾಳ ಹಾಕುತ್ತ ಸ್ಥಾಯಿ ಹಾಡಿದಳು. ಅದು ಮುಗಿದಲ್ಲಿ ದನಿಯೂ ಕೈಯೂ ನಿಂತವು. ಆ ಕೈಯನ್ನೇ ನೋಡುತ್ತಿದ್ದ ಫಕ್ರುಸಾಬರು ನೆಲದ ಮೇಲೆ ಬೆರಳುಗಳಿಂದ ನಿನ್ನೆಯ ಠೇಕಾ ಬಡಿಯತೊಡಗಿದರು. ಹದಿನಾರು ಮಾತ್ರೆ. ಮತ್ತೆ ಹದಿನಾರು. ಗೌರವ್ವ ಸೆರಗು ಬಾಯಿಗಿಟ್ಟುಕೊಂಡಳು. ನಾಲ್ಕನೆಯ ಆವರ್ತನ ತುಂಬಿದಾಗ ಬೆರಳುಗಳು ನಿಂತವು.

"ಅಂತರಾ ಇಲ್ಲಿಗೆ ಮುಗೀತವ್ವಾ," ಎಂದರು.

ಪದ್ಮಶ್ರೀ ಕೈಮುಗಿದಳು. "ವಿಠ್ಠಲಾ, ಅಂತರಾ ನೀನರೆ ಕೇಳೀದಿ. ಬಾಯಿಯವರನ್ನ ನಿನ್ನ ಪಾದದಾಗ ಇಟಗೋ. ಅವರ ಜೀವಕ್ಕ ಶಾಂತಿ ಕೊಡು."