ಮೂರನೆಯ ಕೊಳವೆಯ ಚಳಿ

ಟಿಕ್.

ಅಷ್ಟೇ. ಗಾಳಿ ಗೋಡೆಗೆ ಗುದ್ದುತ್ತಿದ್ದ ಆ ನಡುರಾತ್ರಿಯಲ್ಲೂ ಅಳತೆಕೋಣೆಯ ಪಾಳಿಯಲ್ಲಿದ್ದ ಸುನ್ನಿವಾಳಿಗೆ ಅದು ಕೇಳಿಸಿತು. ಹರಿವಿನ ಲೆಕ್ಕ ಇಡುವ ಕಂಪ್ಯೂಟರುಗಳ ಬೀರುವಿನಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತ್ತು.

ನಾರ್ವೆಯ ಆ ಪಡುವಣ ದಡದಿಂದ ಅನಿಲ ಮೂರು ಕೊಳವೆಗಳಲ್ಲಿ ಅಳತೆಯಾಗಿ ಸಮುದ್ರದಾಚೆ ಕೊಳ್ಳುವವರಿಗೆ ಹೋಗುತ್ತದೆ. ಬಿಸಿಯಾದರೆ ಹಿಗ್ಗುವ, ತಣ್ಣಗಾದರೆ ಕುಗ್ಗುವ ಸರಕು. ಹಾಗಾಗಿ ಹರಿವಿನ ಜೊತೆಗೆ ಒತ್ತಡ, ತಾಪ ಎರಡನ್ನೂ ಸೆನ್ಸರುಗಳಿಂದ ಕೇಳಿಕೊಂಡೇ ಕಂಪ್ಯೂಟರು ಲೆಕ್ಕ ಕಟ್ಟಬೇಕು. ಎರಡು ಕೊಳವೆಗಳು ಬೆಚ್ಚಗಿದ್ದವು. ಮೂರನೆಯದು ಮಾತ್ರ ಸಂಜೆಯಿಂದ ತಣ್ಣಗಾಗುತ್ತಲೇ ಇತ್ತು. ಒಂದೇ ಅನಿಲಕ್ಕೆ ಎರಡು ತಾಪವೆ? ಚಳಿಗೆ ಅನಿಲ ದಟ್ಟವಾಗಿದೆ ಎಂದು ನಂಬಿದ ಕಂಪ್ಯೂಟರು, ಹೋಗದ ಅನಿಲವನ್ನೂ ಹೋಗಿದೆಯೆಂದು ಎಣಿಸುತ್ತಿತ್ತು.

ಪಾಳಿಯ ಮುಖ್ಯಸ್ಥ ಆಸ್ಗೆಯರ್ ಕುರ್ಚಿಯಿಂದ ಏಳಲಿಲ್ಲ. ಹಿಡಿಗೆ ಕೆಂಪು ಉಣ್ಣೆದಾರ ಸುತ್ತಿದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ. ಅವನ ಬೀಗದಕೈಗೂ ಅದೇ ದಾರ; ಹೆಂಡತಿ ಹೆಣೆದು ಉಳಿದದ್ದು.

"ಪಕ್ಕದ ಕೊಳವೆ ತಾಪಾನೇ ಕೈಯಾರೆ ಹಾಕು. ದೀಪ ಆರುತ್ತೆ."

"ಸಂಜೆಯಿಂದ ತಪ್ಪಿರೋ ಲೆಕ್ಕ?"

"ಯಾರು ಕೇಳ್ತಾರೆ?"

"ನಾನು ಕೇಳ್ತಿದೀನಲ್ಲ."

"ಹೋದ ತಿಂಗಳೂ ಹೀಗೇ ಎಲ್ರನ್ನೂ ಎಬ್ಬಿಸಿದೆ. ಏನು ಸಿಕ್ತು? ಬೇಲಿ ಮೇಲೆ ಒಂದು ಕಡಲಹಕ್ಕಿ! ಇವತ್ತೂ ಏನೂ ಸಿಗ್ಲಿಲ್ಲಾಂದ್ರೆ ನಾಳೆಯಿಂದ ಉಗ್ರಾಣದಲ್ಲಿ ವಾಷರ್ ಎಣಿಸ್ಕೊಂಡಿರು ಮಾರಾಯ್ತಿ. ತಮಾಷೆ ಅಲ್ಲ."

ತಮಾಷೆಯಲ್ಲವೆಂದು ಅವಳಿಗೂ ಗೊತ್ತಿತ್ತು. ಈ ಕೋಣೆಯ ಕೆಲಸಕ್ಕೆ ಅವಳು ಎಷ್ಟು ಬಾಗಿಲು ತಟ್ಟಿದ್ದಳು! ಆದರೂ ಕೋಟು ತೊಟ್ಟಳು.

"ಹೋಗ್ಬೇಡ ಅಂತಿದೀನಿ."

"ಕೇಳಿಸ್ತು," ಎಂದು ಬಾಗಿಲು ತೆರೆದಳು.

ಹೊರಗೆ ಗಾಳಿ ಅವಳನ್ನು ಎರಡು ಸಲ ಕಂಬಿಗೆ ಒರಗಿಸಿತು. ಮೂರನೆಯ ಕೊಳವೆಯ ಮೇಲೆ ಟಾರ್ಚಿನ ಬೆಳಕು ಬಿಟ್ಟಳು. ತಾಪದ ಸೆನ್ಸರು ಅದರ ಗೂಡಿನಲ್ಲಿ ಇರಲಿಲ್ಲ. ಹೊರಗೆ ನೇತಾಡುತ್ತ, ಅನಿಲದ ಬದಲು ಗಾಳಿಯ ಚಳಿಯನ್ನು ಅಳೆಯುತ್ತಿತ್ತು. ಅದನ್ನು ಕಂಬಿಗೆ ಕಟ್ಟಿದ್ದ ಕೆಂಪು ಉಣ್ಣೆದಾರ ಪಟಪಟ ಬಡಿದುಕೊಳ್ಳುತ್ತಿತ್ತು.

ಹಿಂದಿನಿಂದ ಇನ್ನೊಂದು ಬೆಳಕು ಬಿತ್ತು. ಆಸ್ಗೆಯರ್.

"ಸಂಜೆ ಪರೀಕ್ಷೆ ಮಾಡೋಕೆ ತೆಗೆದಿದ್ದೆ," ಎಂದ. "ಅಷ್ಟರಲ್ಲಿ ಫೋನ್ ಬಂತು ಅಂತ ಕರೆದ್ರು. ವಾಪಸ್ ಹಾಕೋದು ಮರೆತ್ಬಿಟ್ಟೆ. ದೀಪ ಹತ್ತಿದಾಗ್ಲೇ ನೆನಪಾಯ್ತು."

ಅವಳು ದಾರ ಬಿಚ್ಚಿ, ಸೆನ್ಸರನ್ನು ಗೂಡಿಗಿಳಿಸಿ ತಿರುಪು ಬಿಗಿದಳು.

"ಸುನ್ನಿವಾ, ವರದಿ ಬೇಡ ಕಣೇ. ನಿನ್ನ ಬೇಡ್ಕೋತೀನಿ. ಈ ವಯಸ್ಸಿಗೆ ಎಲ್ರ ಮುಂದೆ..." ಆ ದೊಡ್ಡ ಗಂಡಸು ಅಳುತ್ತಿದ್ದ.

"ಬರೀತೀನಿ. ಸಂಜೆಯಿಂದ ಈ ಗಳಿಗೆವರೆಗೂ. ಉಗ್ರಾಣಕ್ಕೆ ಹಾಕಿದ್ರೆ ಅಲ್ಲಿ ಕೂತೇ ಬರೀತೀನಿ."

"ಹೆಸರು?"

"ನಿನ್ನ ಹೆಸರು ನೀನೇ ಹಾಕು."

ಒಳಗೆ ಬಂದು ಅವಳು ವರದಿ ಬರೆದಳು. ಅದರ ಕೆಳಗೆ ಅವನು ತನ್ನ ಹೆಸರು ಹಾಕಿದ.

ಬೆಳಿಗ್ಗೆ ಹಗಲುಪಾಳಿಯ ಬ್ಯಾರ್ಟೆ ನಗುತ್ತ ಬಂದ. "ಏನಮ್ಮಾ, ರಾತ್ರಿ ಮತ್ತೆ ಹಕ್ಕಿ ಬಂದಿತ್ತಾ?"

"ವರದಿ ಓದು."

ಓದಿದವನು ಸಿಳ್ಳೆ ಹಾಕಿದ. "ನಮ್ಮ ಆಸ್ಗೆಯರ್ ಮಾಡಿದ್ದಾ? ಸಿಕ್ಕಿಬಿದ್ದಾಗ ಏನಂದ? ಮುಖ ಹೇಗಿತ್ತು? ಹೇಳೇ!"

ಆಸ್ಗೆಯರ್ ಇವರಿಬ್ಬರಿಗೂ ಬೆನ್ನು ಮಾಡಿ, ಆಗಲೇ ತೊಳೆದಾಗಿದ್ದ ಲೋಟವನ್ನೇ ತೊಳೆಯುತ್ತಿದ್ದ. ಲೆಕ್ಕದ ತಪ್ಪು ಕೊಳ್ಳುವವರಿಗೆ ತಿಳಿಯಬೇಕಿತ್ತು, ತಿಳಿಯುತ್ತದೆ. ಉಳಿದದ್ದನ್ನು ಯಾರಿಗೂ ಹೇಳುವುದಿಲ್ಲ, ಮನೆಯಲ್ಲಿ ಗಂಡನಿಗೂ ಇಲ್ಲ ಎಂದು ಅವಳು ಅಲ್ಲೇ ನಿಶ್ಚಯಿಸಿದಳು.

"ಗಾಳಿ ಜೋರಿತ್ತು," ಎಂದಳು. "ಏನೂ ಕೇಳಿಸ್ಲಿಲ್ಲ."